ಒಂದು ಹೂಂನಷ್ಟು ಜಾಗ

ಆಕೆ ಜಗಳ ಹುಡುಕಿಕೊಂಡು ಹೋಗುವವಳಲ್ಲ, ಜಗಳವೇ ಬೆಳಿಗ್ಗೆ ಆಕೆಯ ಜೊತೆ ತಿರುಗಾಡಲು ಹೊರಟಿರುತ್ತದೆ, ಎದುರಿಗೆ ಬಂದವರು ಅದರ ಕಾಲಿಗೆ ತೊಡರಿಕೊಳ್ಳುತ್ತಾರೆ, ಅಷ್ಟೇ, ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಕೆಳಗಿನ ಮನೆಯ ಬಡಗಿ ಇದನ್ನು ನಗುತ್ತ ಹೇಳುತ್ತಿದ್ದ, ಎದುರುಮನೆಯ ಸ್ಕೂಟರಿನವನು ನಗದೆ ಹೇಳುತ್ತಿದ್ದ, ಪಕ್ಕದ ಮನೆಯ ಹೊಲಿಗೆಯಮ್ಮ ಮಾತ್ರ ತನ್ನ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಒಮ್ಮೆ ಎದ್ದು ನೋಡಿ ಬಂದು ಹೇಳುತ್ತಿದ್ದಳು.

ಆ ಜಗಳಗಳಿಗೂ ಒಂದು ಅಚ್ಚುಕಟ್ಟಿತ್ತು. ಪ್ರತಿ ಆಪಾದನೆಯ ತುದಿಯಲ್ಲಿ ಆಕೆ ‘ಪೂರ್ಣವಿರಾಮ’ ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. “ನಿಮ್ಮ ಸ್ಕೂಟರು ನನ್ನ ಕಿಟಕಿ ಕೆಳಗೆ ಬಂದು ಕೆಮ್ಮುತ್ತೆ, ಪೂರ್ಣವಿರಾಮ. ನಾಳೆಯಿಂದ ಅಲ್ಲಿ ನಿಲ್ಲಿಸಬಾರದು, ಪೂರ್ಣವಿರಾಮ. ಹೊಸ ಪ್ಯಾರಾ. ನಿಮ್ಮ ಹೆಂಡತಿಗೆ ಜ್ವರ ಬಿಡ್ತಾ ಇಲ್ವಾ?” ಎಂದು ಒಂದೇ ಉಸಿರಿನಲ್ಲಿ ಕೇಳಿದರೆ ಸ್ಕೂಟರಿನವನು ಯಾವ ಪ್ಯಾರಾಕ್ಕೆ ಉತ್ತರ ಕೊಡಬೇಕೆಂದು ತಿಳಿಯದೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಹೀಗಾಗಿ ಆ ಓಣಿಯಲ್ಲಿ ಆಕೆಗೆ ಪೂರ್ಣವಿರಾಮದಮ್ಮ ಎಂಬ ಹೆಸರೇ ನಿಂತುಹೋಗಿತ್ತು. ಆಕೆಯ ತಮ್ಮನ ಮಗಳೊಬ್ಬಳು ಮಾತ್ರ ಅತ್ತೆ ಎನ್ನುತ್ತಿದ್ದಳು. ವಾರಕ್ಕೆ ಮೂರು ಸಲವಾದರೂ ಬಂದು ಹೋಗುತ್ತಿದ್ದ ಆ ಹುಡುಗಿಗೆ (ಮೂವತ್ತು ದಾಟಿದ ಹೆಂಗಸನ್ನು ಅತ್ತೆ ಹುಡುಗಿಯೆಂದೇ ಕರೆಯುತ್ತಿದ್ದಳಾದ್ದರಿಂದ ನಾವೂ ಹಾಗೇ ಕರೆಯೋಣ) ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ.

ಅತ್ತೆಯ ನಡಿಗೆಯಲ್ಲಿ ಬಲಭುಜ ಸದಾ ಒಂದು ಗೇಣು ಮುಂದಿರುತ್ತಿತ್ತು. ಎರಡು ಯಂತ್ರಗಳ ನಡುವಿನ ಇಕ್ಕಟ್ಟಿನಲ್ಲಿ ಜೀವಮಾನವಿಡೀ ಓಡಾಡಿದವರಿಗೆ ಬರುವ ನಡಿಗೆ ಅದು. ವಿಶಾಲವಾದ ಬೀದಿಯಲ್ಲೂ ಆಕೆ ಗಾಳಿಯನ್ನು ಓರೆಯಾಗಿ ಸೀಳಿಕೊಂಡೇ ಹೋಗುತ್ತಿದ್ದಳು. ಉಟ್ಟದ್ದು ಏನೇ ಇರಲಿ, ಅದರ ಮೇಲೊಂದು ಬೂದುಬಣ್ಣದ ಕೋಟು. ಎಡತೋಳಿನ ಅಂಚಿನಲ್ಲಿ ಯಾವ ಸಾಬೂನಿಗೂ ಬಗ್ಗದ ಮಸಿಯ ಕಲೆ. ಎದೆಯ ಜೇಬಿನಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯಾದ ಪೆನ್ಸಿಲು. ಅಚ್ಚುಕೂಟದವರು ಕೆಲಸಗಾರರಿಗೆಂದು ಹೊಲಿಸಿಕೊಟ್ಟ ಕೋಟು ಅದು, ಕೆಲಸ ಬಿಡುವಾಗ ಹಿಂದಿರುಗಿಸಬೇಕಾಗಿತ್ತು. “ಕೇಳಲಿ, ಕೊಡ್ತೀನಿ,” ಎನ್ನುತ್ತಿದ್ದಳು ಅತ್ತೆ. ಕೇಳಲು ಆ ಅಚ್ಚುಕೂಟವೇ ಈಗ ಇರಲಿಲ್ಲ.

ಅಲ್ಲಿ ಮೂವತ್ತನಾಲ್ಕು ವರ್ಷ ಆಕೆ ಮಾಡಿದ್ದು ಓದುವ ಕೆಲಸ. ಓದುವುದೆಂದರೆ ಊಟವಾದ ಮೇಲೆ ಒರಗಿಕೊಂಡು ಓದುವುದಲ್ಲ. ಲೇಖಕರ ಕೈಬರಹ ಆಕೆಯ ಕೈಯಲ್ಲಿ, ಅದರ ಅಚ್ಚಾದ ಕರಡು ಮೇಜಿನ ಆಚೆ ಕುಳಿತ ಪ್ರೂಫ್ ಮೇಷ್ಟ್ರ ಕೈಯಲ್ಲಿ. ಆಕೆ ಒಂದೊಂದು ಸಾಲನ್ನೂ ಅದರ ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು. ಮೇಷ್ಟ್ರು ತಮ್ಮ ಹಾಳೆಯಲ್ಲಿ ಅದನ್ನು ಹಿಂಬಾಲಿಸಿ, ತಪ್ಪಿದ್ದರೆ ತಿದ್ದಿ, ಸರಿಯಿದ್ದರೆ ‘ಹೂಂ’ ಅನ್ನಬೇಕು. ಆ ಹೂಂ ಬರುವ ತನಕ ಮುಂದಿನ ಸಾಲಿಗೆ ಹೆಜ್ಜೆಯಿಡುವಂತಿಲ್ಲ. ಓದುವವಳು ತನ್ನ ಓದನ್ನು ತಾನೇ ಪರೀಕ್ಷಿಸಬಾರದು, ಪರೀಕ್ಷಿಸುವವರು ತಾವೇ ಓದಬಾರದು, ಎರಡು ಜೀವ ಸೇರಿದರೇ ಒಂದು ಪುಟ ಶುದ್ಧ: ಇದು ಆ ಮೇಜಿನ ಧರ್ಮ. ಇಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಸಾಗಿಹೋದ ಸಾವಿರಾರು ಪುಸ್ತಕಗಳ ಯಾವ ಮೂಲೆಯಲ್ಲೂ ಇಬ್ಬರ ಹೆಸರಿಲ್ಲ. ಅದರ ಬಗ್ಗೆ ಅತ್ತೆಗೆ ಸಿಟ್ಟಿರಲಿಲ್ಲ. ಆಕೆಗೆ ಸಿಟ್ಟಿದ್ದದ್ದು ಐವತ್ತನೆಯ ಫಾರಮಿನ ಬಗ್ಗೆ.

ಫಾರಂ ಎಂದರೆ ಒಂದು ದೊಡ್ಡ ಹಾಳೆಯ ಮೇಲೆ ಒಟ್ಟಿಗೇ ಅಚ್ಚಾಗುವ ಹದಿನಾರು ಪುಟ. ಅವರಿಬ್ಬರೂ ಕಡೆಯದಾಗಿ ನೋಡಿದ ಪುಸ್ತಕ ಮರಗಳ ಕುರಿತಾದ ಎಂಟುನೂರು ಪುಟದ ಗ್ರಂಥ. ಬೇರಿನಿಂದ ಹಿಡಿದು ಚಿಗುರಿನ ತನಕ, ಒಬ್ಬ ಸಸ್ಯಶಾಸ್ತ್ರದ ಪಂಡಿತರು ಇಪ್ಪತ್ತು ವರ್ಷ ಕೂತು ಬರೆದದ್ದು. ನಲವತ್ತೊಂಬತ್ತು ಫಾರಂ ಮುಗಿಸಿದ್ದರು. ಅಷ್ಟರಲ್ಲಿ ಅಚ್ಚುಕೂಟ ಕೈಬದಲಾಯಿತು. ಹೊಸ ಮಾಲೀಕ ಬಂದು, ಗಟ್ಟಿಯಾಗಿ ಓದುವುದಕ್ಕೊಬ್ಬರು ಹೂಂಗುಟ್ಟುವುದಕ್ಕೊಬ್ಬರು ಇದೇನು ಕತೆ ಹೇಳುವ ಮನೆಯೇ ಎಂದು ಕೇಳಿ, ಕೊನೆಯ ಹದಿನಾರು ಪುಟಗಳನ್ನು ಯಾರ ಕಣ್ಣಿಗೂ ಹಾಕದೆ ಅಚ್ಚು ಹೊಡೆಸಿ, ಇಬ್ಬರನ್ನೂ ಮನೆಗೆ ಕಳಿಸಿದ. ಎರಡು ವರ್ಷದಲ್ಲಿ ಅಚ್ಚುಕೂಟವೂ ಮುಚ್ಚಿತು, ಮೇಷ್ಟ್ರ ಎರಡೂ ಕಣ್ಣಿನ ಬೆಳಕೂ ಹೋಯಿತು. ಅವರು ಬೇರೆ ಊರಿನ ಮಗಳ ಮನೆ ಸೇರಿದರು. ತಿಂಗಳಿಗೊಮ್ಮೆ ಫೋನು ಬರುತ್ತಿತ್ತು. ಆರೋಗ್ಯ, ಹವೆ, ಯಾರು ಹೋದರು ಯಾರು ಇದ್ದಾರೆ ಎಲ್ಲ ಮುಗಿದ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕೇಳುತ್ತಿದ್ದರು: “ಆ ಐವತ್ತನೇ ಫಾರಂ ಹೇಗೆ ಬಂತೋ ಏನೋ, ಅಲ್ವೇನಮ್ಮ?”

ಪುಸ್ತಕದ ಒಂದು ಪ್ರತಿ ಅತ್ತೆಯ ಕಪಾಟಿನಲ್ಲೇ ಇತ್ತು. ತೆರೆದು ನೋಡಿ ಹೇಳಬಹುದಿತ್ತು. “ನಾನೊಬ್ಬಳೇ ನೋಡಿದ್ರೆ ಅದು ಪ್ರೂಫ್ ಹೇಗಾಗುತ್ತೆ?” ಎಂದು ಆಕೆ ಆ ಹದಿನಾರು ಪುಟಗಳ ಮೇಲೆ ಕಣ್ಣನ್ನೇ ಹಾಯಿಸಿರಲಿಲ್ಲ.

ಒಂದು ಸಲ ಫೋನಿನಲ್ಲಿ ಮೇಷ್ಟ್ರು ಬೇರೆಯದೇ ದೂರು ಹೇಳಿದರು. ಅಂಧರಿಗಾಗಿ ಧ್ವನಿಪುಸ್ತಕ ಕೊಡುವ ಗ್ರಂಥಾಲಯದಿಂದ ಅವರಿಗೊಂದು ಪುಟ್ಟ ಯಂತ್ರ, ಅದರಲ್ಲಿ ಕೇಳಲು ಪುಸ್ತಕಗಳು ಬಂದಿದ್ದವು. “ಮೊನ್ನೆ ಕೇಳಿದ್ದರಲ್ಲಿ ಮೂರು ಸಾಲು ನುಂಗಿಬಿಟ್ಟಿದ್ದಾನೆ ಕಣಮ್ಮ ಓದಿದೋನು. ಎದುರಿಗೆ ಯಾರೂ ಕೂತಿರಲಿಲ್ಲ ಅನ್ಸುತ್ತೆ ಪಾಪ,” ಎಂದರು ಮೇಷ್ಟ್ರು. ಅವರದು ಮರುಕ. ಅತ್ತೆಯದು ಬೆಂಕಿ. ಕಣ್ಣಿಲ್ಲದವರಿಗೆ ಸಾಲು ನುಂಗಿ ಕೊಡುವುದೆಂದರೆ ತಟ್ಟೆಯಿಂದ ತುತ್ತು ಕದ್ದ ಹಾಗೆ, ಕದ್ದದ್ದು ಅವರಿಗೆ ಕಾಣುವುದೂ ಇಲ್ಲ ಎಂದು ಆ ಸಂಜೆ ಓಣಿಗೆಲ್ಲ ಕೇಳುವಂತೆ ಹೇಳಿ, ಮಾರನೆಯ ದಿನ ಗ್ರಂಥಾಲಯಕ್ಕೆ ಕಾಗದ ಬರೆದಳು: ಮರಗಳ ಗ್ರಂಥವನ್ನು ಪೂರ್ತಿ ನಾನು ಓದಿಕೊಡುತ್ತೇನೆ. ಮನೆಯಲ್ಲೇ ಓದಿ ಪೆನ್‌ಡ್ರೈವಿನಲ್ಲಿ ಕಳಿಸಬಹುದೆಂದು ಅವರೂ ಒಂದು ಅರ್ಜಿ ತುಂಬಿಸಿಕೊಂಡು ಒಪ್ಪಿದರು.

“ಅತ್ತೆ, ಮೇಷ್ಟ್ರಿಗೆ ತಾನೇ ಬೇಕಾಗಿರೋದು? ನೀನು ಓದು, ನಾನು ನೇರವಾಗಿ ಅವರ ಮಗಳ ಫೋನಿಗೇ ಕಳಿಸ್ತೀನಿ. ಈ ಲೈಬ್ರರಿ ಗೋಜೇ ಬೇಡ,” ಎಂದಳು ತಮ್ಮನ ಮಗಳು.

“ಒಂದೇ ಒಂದು ಪ್ರತಿಗೋಸ್ಕರ ಯಾರಾದ್ರೂ ಅಚ್ಚುಮೊಳೆ ಜೋಡಿಸ್ತಾರೇನೇ?” ಎಂದಳು ಅತ್ತೆ. ಆ ಮಾತು ಅಲ್ಲಿಗೆ ಮುಗಿಯಿತು.

ಹುಡುಗಿ ಒಂದು ಯುಎಸ್‌ಬಿ ಮೈಕು ಕೊಂಡು ತಂದಳು. ಮುಷ್ಟಿಗಾತ್ರದ ತಲೆ, ತಲೆಗೆ ಕರಿಯ ಸ್ಪಂಜಿನ ಟೋಪಿ, ಮೂರು ಕಾಲಿನ ಸ್ಟ್ಯಾಂಡು, ಬಾಲದಂಥ ಒಂದು ತಂತಿ. ತಂತಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಹೊಟ್ಟೆಯಲ್ಲೊಂದು ಕೆಂಪು ದೀಪ ಹೊತ್ತಿಕೊಂಡಿತು. ಹುಡುಗಿ ಎಲ್ಲಿಂದಲೋ ಕಲಿತುಬಂದಿದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿದಳು. ಗೋಡೆ ಮಾತನ್ನು ಮರಳಿಸಬಾರದೆಂದು ಕಿಟಕಿಗೆ ಎರಡು ಹೊದಿಕೆ ಇಳಿಬಿಟ್ಟಳು. ಬಟ್ಟೆಯ ಬೀರುವನ್ನು ಬಾಯ್ತೆರೆದು ಬೆನ್ನಹಿಂದೆ ನಿಲ್ಲಿಸಿದಳು. ಉಸಿರಿನ ಹೊಡೆತ ಮೈಕಿಗೆ ತಾಕಬಾರದೆಂದು ಹಳೆಯ ಕಾಲುಚೀಲವನ್ನು ಕಸೂತಿಯ ಮರದ ಬಳೆಗೆ ಬಿಗಿದು ನಡುವೆ ಕಟ್ಟಿದಳು. ಲ್ಯಾಪ್‌ಟಾಪಿನೊಳಗಿನ ಫ್ಯಾನಿನ ಗೊರಗೊರ ಕೇಳಬಾರದೆಂದು ಅದನ್ನು ಮೇಜಿನ ಆ ತುದಿಗೆ ತಳ್ಳಿದಳು. ಹಲೋ ಎಂದಳು, ಪರದೆಯ ಮೇಲೆ ಹಸಿರು ಅಲೆ ಎದ್ದು ಕುಣಿಯಿತು. “ನೋಡು ಅತ್ತೆ, ಕೇಳಿಸಿಕೊಳ್ತಿದೆ.”

“ಯಾರದಿದು ಕಾಲುಚೀಲ?”

“ಅಪ್ಪಂದು. ಒಗೆದಿದೆ.”

“ನಿಮ್ಮಪ್ಪನ ಕಾಲಿಗೆ ಮುಖ ಕೊಟ್ಟು ಓದೋ ಕಾಲ ಬಂತು ನನಗೆ, ಪೂರ್ಣವಿರಾಮ,” ಎಂದು ಅತ್ತೆ ಕೋಟು ತೊಟ್ಟು ಕುಳಿತಳು.

ಮೊದಲ ದಿನ ಆಕೆ ಎಲ್ಲ ಚಿಹ್ನೆಗಳನ್ನೂ ಸೇರಿಸಿಯೇ ಓದಿದಳು. ಕೇಳುವವರಿಗೆ ಅದು ಬೇಡವೆಂದು ಹುಡುಗಿ ತಡೆದಾಗ, ಹಾಗಾದರೆ ಎಲ್ಲಿ ನಿಂತು ಉಸಿರಾಡಬೇಕೆಂದು ಅವರಿಗೆ ಯಾರು ಹೇಳುತ್ತಾರೆ ಎಂದು ವಾದಿಸಿ, ಕಡೆಗೆ ಒಪ್ಪಿ, ಅಲ್ಪವಿರಾಮ ಬಂದಲ್ಲೆಲ್ಲ ಮೊಣಕಾಲಿನ ಮೇಲೆ ಬೆರಳಲ್ಲಿ ಸಣ್ಣಗೆ ತಟ್ಟುವುದಕ್ಕೆ ಶುರುಮಾಡಿದಳು. ಆದರೆ ಇನ್ನೊಂದನ್ನು ಬಿಡಲಿಲ್ಲ. ಪ್ರತಿ ವಾಕ್ಯ ಮುಗಿದಾಗಲೂ ತಲೆಯೆತ್ತಿ, ಆ ಕರಿಯ ಟೋಪಿಯನ್ನು ನೋಡಿ, ಒಂದು ಹೂಂ ಅನ್ನುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಮುಂದಕ್ಕೆ ಹೋಗುತ್ತಿದ್ದಳು. ಹುಡುಗಿ ಅದನ್ನು ಗಮನಿಸಿದಳು.

ಹತ್ತರಿಂದ ಹನ್ನೆರಡು ಓದುವ ಹೊತ್ತು ಎಂದು ಅತ್ತೆ ಮೆಟ್ಟಿಲ ಗೋಡೆಗೆ ಕೆಂಪಕ್ಷರದಲ್ಲಿ ಹಾಳೆ ಅಂಟಿಸಿದಳು. ಬಡಗಿ ಆ ಎರಡು ಗಂಟೆ ಮೊಳೆ ಹೊಡೆಯುವುದನ್ನು ಬಿಟ್ಟು ಅಂಟು ಬಳಿಯುವ ಕೆಲಸ ಇಟ್ಟುಕೊಂಡ. ಸ್ಕೂಟರಿನವನು ಗಾಡಿಯನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಚಾಲೂ ಮಾಡಿದ. ಹೊಲಿಗೆಯಮ್ಮ ಯಂತ್ರ ನಿಲ್ಲಿಸಿ ಕೈಯಲ್ಲೇ ಗುಂಡಿ ಹಚ್ಚುತ್ತ, ಗೋಡೆಯಾಚೆಯಿಂದ ತೇಲಿಬರುವ ಮರಗಳ ವೃತ್ತಾಂತವನ್ನು ಕೇಳುತ್ತ ಕೂರುತ್ತಿದ್ದಳು. ಭಯದಿಂದಲೋ ಗೌರವದಿಂದಲೋ ಎಂದು ಕೇಳಿದರೆ, “ಎರಡಕ್ಕೂ ಒಂದೇ ಬಾಗಿಲು ಅಲ್ವಾ ಆ ಮನೇಲಿ?” ಎಂದಿದ್ದಳು ಆಕೆ.

ಹೀಗೆ ನಾಲ್ಕು ತಿಂಗಳು. ಮೂವತ್ತು ಫಾರಂ ಆದಾಗ ಹುಡುಗಿ ಅಷ್ಟನ್ನೂ ಪೆನ್‌ಡ್ರೈವಿಗೆ ಹಾಕಿ ಗ್ರಂಥಾಲಯಕ್ಕೆ ಕಳಿಸಿದಳು. ಅತ್ತೆ ಒಂದು ದಿನವೂ ತನ್ನ ದನಿಯನ್ನು ತಾನು ಹಾಕಿ ಕೇಳಿರಲಿಲ್ಲ. “ಓದೋದು ನನ್ನ ಕೆಲಸ. ಸರಿ ಇದೆಯೋ ಇಲ್ವೋ ನೋಡೋದು ನಿಂದು,” ಎಂದಿದ್ದಳು, ಅದು ಆ ಮೇಜಿನ ಧರ್ಮವಲ್ಲವೇ. ಹುಡುಗಿಯೂ ಪ್ರತಿ ದಿನ ನೋಡುತ್ತಿದ್ದಳು. ಹಸಿರು ಅಲೆ ಚೆನ್ನಾಗಿಯೇ ಏಳುತ್ತಿತ್ತು, ಬೀಳುತ್ತಿತ್ತು.

ಹದಿನೈದು ದಿನಕ್ಕೆ ಉತ್ತರ ಬಂತು. ಧ್ವನಿ ಪರಿಶೀಲಿಸುವ ಅಧಿಕಾರಿಯ ಸಹಿಯಿದ್ದ ಆ ಕಾಗದದಲ್ಲಿ ಐದೇ ಸಾಲು. ವಾಚಕರ ಧ್ವನಿಯು ವಯೋಸಹಜವಾಗಿ ಕ್ಷೀಣಿಸಿದ್ದು ದೂರದಿಂದ ಬಂದಂತೆ ಕೇಳಿಸುತ್ತದೆ, ಎಲ್ಲೆಡೆ ಅನಗತ್ಯ ಮೌನಗಳಿವೆ, ಆದ್ದರಿಂದ ಸ್ವೀಕರಿಸಲಾಗದು, ವಾಚಕರ ಸೇವಾಮನೋಭಾವವನ್ನು ಮೆಚ್ಚುತ್ತ ಅವರಿಗೆ ವಿಶ್ರಾಂತಿಯನ್ನು ಹಾರೈಸುತ್ತೇವೆ.

ಅತ್ತೆ ಜೇಬಿನಿಂದ ಪೆನ್ಸಿಲು ತೆಗೆದು, ಐದು ಸಾಲಿನಲ್ಲಿ ಏಳು ಕಡೆ ಕೆಂಪು ಗುರುತು ಹಾಕಿ, “ವಿಶ್ರಾಂತಿಯಂತೆ. ಕ್ಷೀಣವಂತೆ,” ಎಂದಳು. “ಹಾಕೇ ಅದನ್ನ. ನಾನೂ ಕೇಳ್ತೀನಿ.”

ಹುಡುಗಿ ಹಾಕಿದಳು. ಇಬ್ಬರೂ ಕೇಳಿದರು. ನಿಜವಾಗಿಯೂ ಯಾರೋ ಒಬ್ಬ ಮುದುಕಿ ಬಾವಿಯ ತಳದಲ್ಲಿ ಕೂತು, ಮೇಲೆ ಯಾರಾದರೂ ಇದ್ದಾರೋ ಇಲ್ಲವೋ ಎಂಬ ಅನುಮಾನದಲ್ಲಿ ಓದುತ್ತಿರುವಂತಿತ್ತು. ಅತ್ತೆ ಅರ್ಧ ಪುಟದ ತನಕ ಕೇಳಿ, ಕೈಯೆತ್ತಿ ಸಾಕೆಂದಳು. ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಪೂರ್ಣವಿರಾಮ ಎನ್ನಲಿಲ್ಲ.

ಆಮೇಲಿನ ಮೂರು ದಿನ ಆ ಮನೆಯಿಂದ ಒಂದು ಬೈಗುಳವೂ ಹೊರಬೀಳಲಿಲ್ಲ, ಓಣಿ ಗಾಬರಿಯಾಯಿತು. ಬಡಗಿ ಹತ್ತೂವರೆಗೆ ಬೇಕೆಂದೇ ನಾಲ್ಕು ಮೊಳೆ ಹೊಡೆದು ಮೇಲಕ್ಕೆ ಕಿವಿಗೊಟ್ಟ, ಏನೂ ಇಲ್ಲ. ಸ್ಕೂಟರಿನವನು ಸರಿಯಾಗಿ ಕಿಟಕಿಯ ಕೆಳಗೇ ಗಾಡಿಯನ್ನು ಎರಡು ಸಲ ಕೆಮ್ಮಿಸಿದ, ಏನೂ ಇಲ್ಲ. ಮೂರನೆಯ ದಿನ ಹೊಲಿಗೆಯಮ್ಮ ಬಾಗಿಲು ತಟ್ಟಿದಳು. ತಮ್ಮನ ಮಗಳೂ ಅಲ್ಲೇ ಇದ್ದಳು.

“ಅಕ್ಕ, ಅದೇನೋ ಬಿಳಲು ಇಳಿಸಿ ಕಂಬ ಮಾಡ್ಕೊಳ್ಳೋ ಮರ, ಅದರ ಕತೆ ಅರ್ಧಕ್ಕೆ ನಿಂತಿದೆ. ಮುಂದೇನಾಯ್ತು?”

“ದನಿ ಹೋಗಿದೆಯಂತೆ ನಂದು. ಕಾಗದ ಬಂದಿದೆ.”

“ಯಾರಿಗೆ ಹೋಗಿರೋದು? ಗೋಡೆ ಆಚೆ ನನಗೆ ಒಂದಕ್ಷರ ಬಿಡದೆ ಕೇಳುತ್ತೆ. ಮೆಷೀನ್ ಹಾಕಿದ್ರೂ ಕೇಳುತ್ತೆ.”

ಹುಡುಗಿ ರೆಕಾರ್ಡಿಂಗನ್ನು ಮತ್ತೆ ಹಾಕಿದಳು. ಹೊಲಿಗೆಯಮ್ಮ ಕಿವಿ ಹತ್ತಿರ ತಂದು, ಇದು ನೀವಲ್ಲ ಬಿಡಿ ಎಂದು ತಲೆಯಾಡಿಸಿದಳು. ಅತ್ತೆ ಮುಖ ಆಚೆಗೆ ತಿರುಗಿಸಿ ಕೂತಿದ್ದವಳು, ಎಂಟನೆಯ ನಿಮಿಷಕ್ಕೋ ಒಂಬತ್ತಕ್ಕೋ ಥಟ್ಟನೆ ತಿರುಗಿದಳು.

“ಹಿಂದಕ್ಕೆ ಹಾಕು. ಆ ಧಡ್ ಅಂದಿದ್ದೇನು?”

“ಪೆನ್ಸಿಲು ಅತ್ತೆ. ಒಂದೊಂದು ಪುಟ ಆದಾಗ ಪಟ್ಟೀಲಿ ಗೆರೆ ಎಳೆದು ಪೆನ್ಸಿಲು ಇಡ್ತೀಯಲ್ಲ, ಅದು.”

“ಪೆನ್ಸಿಲು ಇಟ್ಟರೆ ಬಂಡೆ ಉರುಳಿದ ಹಾಗೆ ಕೇಳುತ್ತೆ. ನಾನು ಗಂಟಲು ಹರ್ಕೊಂಡ್ರೆ ಇರುವೆ ನಡೆದ ಹಾಗೆ ಕೇಳುತ್ತೆ. ಪೆನ್ಸಿಲಿಗೆ ವಯಸ್ಸಾಗಿಲ್ವಾ?” ಅತ್ತೆ ಎದ್ದು ನಿಂತಳು. “ಆ ಪಟ್ಟಿ ಎಲ್ಲಿರುತ್ತೆ? ಲ್ಯಾಪ್‌ಟಾಪ್ ಪಕ್ಕ. ನಾನೆಲ್ಲಿರ್ತೀನಿ? ಮೈಕಿನ ಮುಂದೆ. ತಪ್ಪು ಕಂಡಲ್ಲೇ ಇರಲ್ಲ ಕಣೇ, ಮೂಲಪ್ರತಿ ಎಲ್ಲಿಂದ ಬಂತು ಅಂತ ನೋಡಬೇಕು. ಒತ್ತು ಅದನ್ನ.”

ಹುಡುಗಿ ರೆಕಾರ್ಡಿಂಗ್ ಗುಂಡಿ ಒತ್ತಿದಳು. ಅತ್ತೆ ಬಗ್ಗಿ, ಮೈಕಿನ ಕರಿಯ ಟೋಪಿಯನ್ನು ಉಗುರಿನಿಂದ ಟಕಟಕ ಕುಟ್ಟಿದಳು. ಪರದೆಯ ಮೇಲೆ ಅಲೆ ಮಿಸುಕಲೂ ಇಲ್ಲ. ಮೇಜಿನ ಆ ತುದಿಗೆ ಹೋಗಿ ಲ್ಯಾಪ್‌ಟಾಪಿನ ಅಂಚನ್ನು ಒಂದೇ ಬೆರಳಿನಿಂದ ಸವರಿದಳು. ಅಲೆ ಪರದೆಯ ನೆತ್ತಿಗೆ ಬಡಿಯಿತು.

ಹುಡುಗಿ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೆಟ್ಟಿಂಗ್ಸ್ ತೆರೆದಳು. ಶಬ್ದವನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂಬಲ್ಲಿ ಎರಡು ಹೆಸರಿದ್ದವು. ಒಂದು ಈ ಮೈಕಿನದು, ಇನ್ನೊಂದು ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಇರುವ, ಸಾಸಿವೆಯಷ್ಟು ತೂತಿನ ಹಿಂದಿನ ಮೈಕಿನದು. ಗುರುತು ಇದ್ದದ್ದು ಎರಡನೆಯದರ ಮುಂದೆ. ನಾಲ್ಕು ತಿಂಗಳು ಆ ಕೆಂಪು ದೀಪದ ಮೈಕು ಕಾಲುಚೀಲದ ಪರದೆಯ ಹಿಂದೆ ನಿಂತು ಒಂದಕ್ಷರವನ್ನೂ ಕೇಳಿಸಿಕೊಂಡಿರಲಿಲ್ಲ. ದೂರ ತಳ್ಳಿಸಿಕೊಂಡ ಲ್ಯಾಪ್‌ಟಾಪು ತನ್ನ ಫ್ಯಾನಿನ ಗೊರಗೊರದ ನಡುವೆ ಕೈಗೆ ಸಿಕ್ಕಷ್ಟನ್ನು ಹಿಡಿದಿಟ್ಟುಕೊಂಡಿತ್ತು.

“ನಂದೇ ತಪ್ಪು ಅತ್ತೆ. ನಾನು ದಿನಾ ನೋಡ್ತಿದ್ದೆ…”

“ನೋಡ್ತಿದ್ದೆ,” ಎಂದಳು ಅತ್ತೆ. “ಕೇಳಲಿಲ್ಲ.”

ಅಷ್ಟೇ ಅಂದದ್ದು. ಗಾಜಿನ ನಡುವೆಯೇ ಬದುಕುವ ಹುಡುಗಿಗೆ ಆ ಎರಡು ಮಾತು ಇವತ್ತಿಗೂ ಚುಚ್ಚುತ್ತವೆ. ಹೆಡ್‌ಫೋನನ್ನು ಒಂದೇ ಒಂದು ದಿನ ಕಿವಿಗೆ ಹಾಕಿಕೊಂಡಿದ್ದರೆ ಮೊದಲ ಫಾರಮಿನಲ್ಲೇ ತಿಳಿಯುತ್ತಿತ್ತು. ಅವಳು ಸರಿಯಾದ ಹೆಸರಿನ ಮುಂದೆ ಗುರುತು ಹಾಕಿದಳು. ಅತ್ತೆ ಒಂದು ಸಾಲು ಓದಿದಳು. ಮತ್ತೆ ಹಾಕಿ ಕೇಳಿದಾಗ ಹೊಲಿಗೆಯಮ್ಮ ಬೆಚ್ಚಿ ಹಿಂದೆ ತಿರುಗಿ ನೋಡಿದಳು. ದನಿ ಅಷ್ಟು ಹತ್ತಿರವಿತ್ತು, ಹೆಗಲ ಮೇಲೆ ಕೈಯಿಟ್ಟು ಮಾತಾಡಿದ ಹಾಗೆ.

ಆಗ ಅತ್ತೆಗೆ ಬಂದ ಸಿಟ್ಟನ್ನು ಹುಡುಗಿ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅದಕ್ಕೆ ಸದ್ದೇ ಇರಲಿಲ್ಲ. ಕೋಟು ತೊಟ್ಟು, ಪುಸ್ತಕವನ್ನು ಕಂಕುಳಲ್ಲಿ ಇರುಕಿ, ಕಾಗದವನ್ನು ಜೇಬಿಗೆ ಹಾಕಿಕೊಂಡು, ಬಲಭುಜ ಮುಂದೆ ಮಾಡಿ ಬಸ್ಸು ಹತ್ತಿದಳು. ಹುಡುಗಿ ಹಿಂದೆಯೇ ಓಡಿದಳು.

ಗ್ರಂಥಾಲಯದ ಕಚೇರಿಯಲ್ಲಿ ಅಧಿಕಾರಿ ವಿನಯವಂತನೇ. ಕುರ್ಚಿ ಕೊಟ್ಟ, ನೀರು ತರಿಸಿದ, ಅಮ್ಮಾ ಎಂದ. ಮೈಕಿನ ಸಂಗತಿಯನ್ನು ಹುಡುಗಿ ವಿವರಿಸಿದಾಗ ಅಯ್ಯೋ ಎಂದು ನೊಂದುಕೊಂಡ. ಆದರೂ ಈಗ ಕಷ್ಟ ಎಂದ. ಅರವತ್ತೈದು ದಾಟಿದವರ ದನಿ ಬೇಡವೆಂದು ಸಮಿತಿಯಲ್ಲಿ ಆಗಲೇ ಮಾತಾಗಿದೆ ಎಂದ.

“ಎಷ್ಟು ಹೊತ್ತು ಕೇಳಿದ್ರಿ ನೀವು?” ಎಂದಳು ಅತ್ತೆ.

“ಮಾದರಿಗೆ ಅಂತ… ಒಂದೆರಡು ನಿಮಿಷ.”

“ಎರಡು ನಿಮಿಷ ಕೇಳಿದ್ರಿ. ದೂರದಿಂದ ಕೇಳಿಸ್ತು. ಮೈಕು ನೋಡ್ಕೊಳ್ಳಿ ಅಂತ ಬರೀಬಹುದಿತ್ತು. ವಯಸ್ಸು ಅಂತ ಯಾಕೆ ಬರೆದ್ರಿ?”

ಅಧಿಕಾರಿ ನೀರಿನ ಲೋಟವನ್ನು ಆಕೆಯ ಕಡೆಗೆ ಇನ್ನೊಂದಿಷ್ಟು ಸರಿಸಿದ.

ಅರ್ಜಿಯ ಮೇಲೆ ಹುಟ್ಟಿದ ವರ್ಷ ಕಂಡಿತ್ತು, ಅಷ್ಟು ಸಾಕಾಗಿತ್ತು. ಇಪ್ಪತ್ತೈದರ ಹುಡುಗನ ದನಿ ಹೀಗೆ ಬಾವಿಯಿಂದ ಬಂದಿದ್ದರೆ ತಂತಿ ನೋಡು, ಗುಂಡಿ ನೋಡು ಎಂದು ಹತ್ತು ಸಲ ಫೋನು ಮಾಡುತ್ತಿದ್ದರು. ತಲೆ ನರೆತವರ ಹತ್ತಿರ ದೀಪ ಆರಿದರೂ, ಬೀಗ ಕೆಟ್ಟರೂ, ಯಂತ್ರ ಹಟ ಮಾಡಿದರೂ ಲೋಕ ಒಂದೇ ಕಾರಣವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಅದನ್ನು ಮೆತ್ತಗಿನ ಮಾತಿನಲ್ಲಿ ಸುತ್ತಿ, ವಿಶ್ರಾಂತಿ ಎಂಬ ಹೆಸರಿಟ್ಟು ಕೈಗೆ ಕೊಡುತ್ತದೆ. ಬೈದರೆ ತಿರುಗಿ ಬೈಯಬಹುದು. ಹಾರೈಸಿದವರನ್ನು ಏನು ಮಾಡುವುದು?

ಅತ್ತೆ ಮಾಡಿದ್ದು ಇಷ್ಟು. ಅಧಿಕಾರಿಯ ಕೋಣೆಯ ಹೊರಗಿದ್ದ ಬೆಂಚಿನ ಮೇಲೆ ಕೂತು, ಪುಸ್ತಕ ತೆರೆದು, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಬೀಜವೊಂದಕ್ಕೆ ಕತ್ತಲಲ್ಲಿ ಮೇಲು ಯಾವುದು ಕೆಳಗು ಯಾವುದೆಂದು ಹೇಗೆ ತಿಳಿಯುತ್ತದೆ ಎಂಬಲ್ಲಿಂದ ಆ ಗ್ರಂಥ ಶುರುವಾಗುತ್ತದೆ. ಅಚ್ಚುಯಂತ್ರಗಳ ಆರ್ಭಟದ ಮೇಲೆ ಮೂವತ್ತನಾಲ್ಕು ವರ್ಷ ಸವಾರಿ ಮಾಡಿದ ದನಿಗೆ ಆ ಕಚೇರಿಯ ಮೂರು ಕೋಣೆ ಯಾವ ಲೆಕ್ಕ. ಗುಮಾಸ್ತರು ತಲೆಯೆತ್ತಿದರು. ಅಧಿಕಾರಿ ಬಾಗಿಲಿಗೆ ಬಂದು, ಅಮ್ಮಾ ದಯವಿಟ್ಟು ಎಂದ. ಆಕೆ ವಾಕ್ಯ ಮುಗಿಸಿ, ಒಂದು ಹೂಂನಷ್ಟು ಹೊತ್ತು ಬಿಟ್ಟು, ಮುಂದಿನ ವಾಕ್ಯ ಹಿಡಿದಳು.

ನಾಲ್ಕನೆಯ ಪುಟದ ಹೊತ್ತಿಗೆ ಒಳಗಿನಿಂದ ಆ ಕಚೇರಿಯ ಟೆಲಿಫೋನ್ ಆಪರೇಟರು ಗೋಡೆ ಹಿಡಿದುಕೊಂಡು ಬಂದ. ಹುಟ್ಟು ಕುರುಡ, ಆ ಗ್ರಂಥಾಲಯದ ಪುಸ್ತಕಗಳನ್ನು ಎಲ್ಲರಿಗಿಂತ ಹೆಚ್ಚು ಕೇಳಿದವನು. ಆಕೆ ಹೂಂಗಾಗಿ ನಿಂತ ಒಂದು ಜಾಗದಲ್ಲಿ ಅವನು ಕೇಳಿದ: “ಇದು ಯಾರು ಓದ್ತಿರೋದು? ಯಾವ ಪುಸ್ತಕ? ನಮ್ಮಲ್ಲಿ ಯಾಕಿಲ್ಲ ಇದು?”

“ನನಗೆ ವಯಸ್ಸಾಗಿದೆಯಂತಪ್ಪ, ಅದಕ್ಕಿಲ್ಲ,” ಎಂದಳು ಅತ್ತೆ.

ಅವನು ಅಧಿಕಾರಿ ಎಲ್ಲಿ ನಿಂತಿದ್ದಾನೆಂದು ಉಸಿರಿನಿಂದಲೇ ತಿಳಿದವನಂತೆ ಆ ಕಡೆಗೆ ಮುಖ ತಿರುಗಿಸಿ, “ಸಾರ್, ಕೇಳೋರು ನಾವು,” ಎಂದು ಅಷ್ಟೇ ಹೇಳಿ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತುಕೊಂಡ. ಹನ್ನೊಂದನೆಯ ಪುಟಕ್ಕೆ ಅಧಿಕಾರಿ ಸೋತ. ಎಲ್ಲವನ್ನೂ ಹೊಸದಾಗಿ ಓದಿ ಕಳಿಸುವುದಾದರೆ ತೆಗೆದುಕೊಳ್ಳುತ್ತೇವೆ, ಆದರೆ ಆ ಅನಗತ್ಯ ಮೌನಗಳನ್ನು ದಯವಿಟ್ಟು ಕತ್ತರಿಸಿ ಎಂದ.

“ಅದು ಮೌನ ಅಲ್ಲ. ಅದು ಅವರ ಪಾಲು,” ಎಂದಳು ಅತ್ತೆ. ಪುಸ್ತಕ ಮುಚ್ಚಿ ಮತ್ತೆ ಕಂಕುಳಲ್ಲಿ ಇರುಕಿಕೊಂಡಳು.

ಮತ್ತೆ ಒಂದನೆಯ ಫಾರಮಿನಿಂದ ಶುರುವಾಯಿತು. ಈಗ ಹುಡುಗಿ ದಿನವೂ ಅಂಗಡಿಗೆ ಹೋಗುವ ಮುನ್ನ ಬಂದು ಹೆಡ್‌ಫೋನು ಹಾಕಿಕೊಂಡು, ಮೈಕನ್ನು ಉಗುರಿನಿಂದ ಕುಟ್ಟಿ, ಹಿಂದಿನ ದಿನದ್ದನ್ನು ಪೂರ್ತಿ ಕೇಳಿ, ಆಮೇಲೆ ಹೋಗುತ್ತಿದ್ದಳು. ಮುಗಿದ ಫಾರಮುಗಳು ಹತ್ತುಹತ್ತಾಗಿ ಗ್ರಂಥಾಲಯಕ್ಕೆ ಹೋದವು, ಅಲ್ಲಿಂದ ಮೇಷ್ಟ್ರಿಗೆ ಹೋದವು. ಮೇಷ್ಟ್ರ ಮಗಳು ಒಂದು ದಿನ ಫೋನು ಮಾಡಿ, “ಅಪ್ಪ ಆ ಡಬ್ಬಿ ಕಿವಿ ಹತ್ತಿರ ಇಟ್ಕೊಂಡು ಒಬ್ಬರೇ ಹೂಂ, ಹೂಂ ಅಂತಿರ್ತಾರೆ. ಮೊದಲು ಹೆದರಿಬಿಟ್ವಿ,” ಎಂದಳು. ಅತ್ತೆ ಫೋನಿಟ್ಟು, ಸ್ಕೂಟರಿನವನನ್ನು ಕರೆದು ಯಾವ ಕಾರಣವೂ ಇಲ್ಲದೆ ಚೆನ್ನಾಗಿ ಬೈದಳು. ಅವನು ನಿಂತು ಸಂತೋಷದಿಂದಲೇ ಬೈಸಿಕೊಂಡ.

ನಲವತ್ತನೆಯ ಫಾರಂ ನಡೆಯುತ್ತಿರುವಾಗ ಕಟ್ಟಡದ ಮಾಲೀಕ ಎಲ್ಲರಿಗೂ ನೋಟೀಸು ಕೊಟ್ಟ. ಕೆಡವಿ ಹೊಸದು ಕಟ್ಟುವುದಿತ್ತು. ಬಡಗಿ ಇನ್ನೊಂದು ಓಣಿಯಲ್ಲಿ ಜಾಗ ನೋಡಿಕೊಂಡ, ಹೊಲಿಗೆಯಮ್ಮ ಅಕ್ಕನ ಮನೆಗೆ ಹೊರಡಲು ಸಿದ್ಧಳಾದಳು, ಅತ್ತೆ ತಮ್ಮನ ಮನೆಗೆ ಹೋಗುವುದೆಂದಾಯಿತು. “ನಿಮ್ಮಪ್ಪನ ಕಾಲುಚೀಲ ಸಾಲದು ಅಂತ ಕಾಲೂ ನೋಡಬೇಕಾಯ್ತು,” ಎಂದಳು. ಸಾಮಾನೆಲ್ಲ ಒಂದೊಂದೇ ಹೋಯಿತು. ಮೇಜು, ಮೈಕು, ಪುಸ್ತಕ ಮಾತ್ರ ಕಡೆಯ ಬೆಳಗಿನ ತನಕ ಉಳಿದವು, ಏಕೆಂದರೆ ಐವತ್ತನೆಯ ಫಾರಂ ಉಳಿದಿತ್ತು, ಅದನ್ನು ಬೇರೆ ಮನೆಯಲ್ಲಿ ಓದಲು ಅತ್ತೆ ಒಪ್ಪಲಿಲ್ಲ.

ಆದರೆ ಬರಿದಾದ ಕೋಣೆ ಮಾತನ್ನು ಮರಳಿಸುತ್ತದೆ. ಹೊದಿಕೆ ಇಲ್ಲ, ಬೀರು ಇಲ್ಲ; ಅತ್ತೆ ಒಂದು ಸಾಲು ಓದಿದರೆ ನಾಲ್ಕು ಗೋಡೆಯೂ ಒಂದೊಂದು ಪದವನ್ನು ಹಿಂದಕ್ಕೆಸೆಯಿತು. ಹೆಡ್‌ಫೋನಿನಲ್ಲಿ ಅದನ್ನು ಕೇಳಿ ಹುಡುಗಿ ಅಳುವಂತಾದಳು. ಅತ್ತೆ ಕೋಟು ಬಿಚ್ಚಿದಳು. ತಲೆಯ ಮೇಲೂ ಮೈಕಿನ ಮೇಲೂ ಸೇರಿಸಿ ಅದನ್ನು ಡೇರೆಯಂತೆ ಹೊದ್ದುಕೊಂಡು, ಒಳಗೊಂದು ಟಾರ್ಚು ಹಚ್ಚಿಕೊಂಡು, ಮಸಿಯ ವಾಸನೆ ಇನ್ನೂ ಹೋಗದ ಆ ಕತ್ತಲಲ್ಲಿ, ಹನ್ನೊಂದು ವರ್ಷ ತೆರೆಯದೆ ಇಟ್ಟ ಪುಟಗಳನ್ನು ತೆರೆದಳು. ಹೊರಗಿನಿಂದ ಹುಡುಗಿಗೆ ಕಂಡದ್ದು ಮೇಜಿನ ಮೇಲೊಂದು ಬೂದುಬಣ್ಣದ ಗುಡ್ಡ, ಅದರ ಅಂಚಿನಲ್ಲಿ ಅಲುಗುತ್ತಿರುವ ಸ್ವಲ್ಪ ಬೆಳಕು.

ಎಂಟನೆಯ ಪುಟದಲ್ಲಿ ದನಿ ನಿಂತಿತು. ಗುಡ್ಡದೊಳಗಿನಿಂದ ಒಂದು ದೀರ್ಘ ನಿಟ್ಟುಸಿರು. ಹುಡುಗಿ ರೆಕಾರ್ಡಿಂಗ್ ನಿಲ್ಲಿಸಿದಳು.

“ಏನಾಯ್ತು ಅತ್ತೆ?”

“ಒಂದು ಸಾಲು ಎರಡು ಸಲ ಅಚ್ಚಾಗಿದೆ. ಒಂದರ ಕೆಳಗೊಂದು. ಕುರುಡನೂ ಹಿಡೀತಿದ್ದ ಇದನ್ನ. ನಮ್ಮನ್ನ ಆಚೆ ಕಳಿಸಿ ಅಚ್ಚು ಹೊಡೆದದ್ದಕ್ಕೆ ಹನ್ನೊಂದು ವರ್ಷ ಇದು ಜನರ ಮನೇಲಿ ಹೀಗೇ ಕೂತಿದೆ.”

“ಒಂದೇ ಸಲ ಓದಿಬಿಡು. ಯಾರಿಗೆ ಗೊತ್ತಾಗುತ್ತೆ?”

ಕೋಟಿನ ಅಂಚು ಎದ್ದಿತು. ಒಳಗಿನಿಂದ ಒಂದು ಕಣ್ಣು ಅವಳನ್ನು ನೋಡಿತು. “ಇರೋದನ್ನ ಓದಬೇಕು. ತಿದ್ದೋದು ನನ್ನ ಕೆಲಸ ಅಲ್ಲ,” ಎಂದು ಅತ್ತೆ ಮತ್ತೆ ಒಳಗೆ ಹೋಗಿ, ಆ ಸಾಲನ್ನು ಎರಡು ಸಲವೂ ಓದಿ, ಆಮೇಲೆ ಎರಡು ಹೂಂನಷ್ಟು ಜಾಗ ಬಿಟ್ಟಳು.

ಮೂರು ವಾರದ ಮೇಲೆ ಮೇಷ್ಟ್ರು ಆ ಜಾಗಕ್ಕೆ ಬಂದದ್ದನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಈ ಕತೆ ನಿಲ್ಲಬೇಕಾದದ್ದು ಬಾಗಿಲಲ್ಲಿ. ಯಂತ್ರ ಕಿವಿಯ ಹತ್ತಿರ, ಹೂಂ, ಹೂಂ ಎನ್ನುತ್ತ ಬಂದವರು ಅಲ್ಲಿ ಹೂಂ ಅನ್ನಲಿಲ್ಲವಂತೆ. ನೆಟ್ಟಗೆ ಕೂತು, ಮುಂದಿನ ಗಾಳಿಯಲ್ಲಿ ಬೆರಳಿನಿಂದ ಅಡ್ಡಗೆರೆಯೊಂದನ್ನು ಎಳೆದು, “ಸಾಲು ಎರಡು ಸಲ ಬಂದಿದೆ. ತೆಗೀರಿ,” ಎಂದರಂತೆ. ಆಮೇಲೆ ಕೊನೆಯ ಪುಟದ ತನಕ ಹೂಂ ಎಂದು, ಮಗಳನ್ನು ಕರೆದು, ಫಾರಂ ಆಯಿತೆಂದು ಆ ತಾಯಿಗೆ ತಿಳಿಸು ಎಂದರಂತೆ.

ಇಂಥವರನ್ನು ಲೋಕ ಮುಂಗೋಪಿಗಳು ಎನ್ನುತ್ತದೆ, ಹತ್ತಿರದವರು ಹಟಮಾರಿಗಳು ಎನ್ನುತ್ತಾರೆ, ಕಚೇರಿಗಳು ವಯಸ್ಸಾದವರು ಎನ್ನುತ್ತವೆ. ಹೆಸರಿಲ್ಲದ ಕೆಲಸವನ್ನು ಪೂಜೆಯ ಹಾಗೆ ಕೈತೊಳೆದು ಮಾಡಿದವರ ಕುಲ ಅದು. ಯಾರೂ ಗಮನಿಸದ ಒಂದು ಸಾಲು ಸರಿಯಿರಲೆಂದು ಅವರು ಆಯುಷ್ಯ ಸವೆಸಿರುತ್ತಾರೆ; ಆದ್ದರಿಂದಲೇ ಯಾರೋ ಗಮನಿಸದೆ ಬರೆದ ಒಂದು ಸಾಲು ಅವರನ್ನು ಸುಡುತ್ತದೆ. ಅವರ ಸಿಟ್ಟು ಶಾಂತವಾಗಲಿ ಎಂದು ನಾವು ಹಾರೈಸುತ್ತೇವೆ. ಅದು ಶಾಂತವಾದ ಮೂರು ದಿನ ಆ ಓಣಿ ಹೇಗಿತ್ತೆಂದು ಓಣಿಯವರನ್ನು ಕೇಳಬೇಕು.

ಕೊನೆಯ ಪುಟ ಮುಗಿದಾಗ ಹತ್ತು ಗಂಟೆ. ಹುಡುಗಿ ತಂತಿ ಕಿತ್ತಳು, ಕೆಂಪು ದೀಪ ಆರಿತು. ಅತ್ತೆ ಕಾಲುಚೀಲವನ್ನು ಮರದ ಬಳೆಯಿಂದ ಬಿಡಿಸಿ, ಮೈಕನ್ನು ಅದರೊಳಗೇ ಇಳಿಸಿ, ಕೋಟಿನ ಜೇಬಿಗೆ ಹಾಕಿಕೊಂಡಳು. ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ಕೆಳಗೆ ಬಡಗಿ, ಹೊಲಿಗೆಯಮ್ಮ, ಸ್ಕೂಟರಿನವನು, ಅವನ ಹೆಂಡತಿ ಎಲ್ಲರೂ ನಿಂತಿದ್ದರು. ಓದುವ ಹೊತ್ತೆಂಬ ಅಭ್ಯಾಸಕ್ಕೆ ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ.

“ಯಾಕೆ, ಎಲ್ಲರ ದನೀನೂ ಒಟ್ಟಿಗೇ ಹೋಯ್ತಾ?” ಎಂದಳು ಅತ್ತೆ. ಯಾರಾದರೂ ಏನಾದರೂ ಅನ್ನಲೆಂದು ಒಂದು ಹೂಂನಷ್ಟು ಹೊತ್ತು ನಿಂತಳು. ಹೊಲಿಗೆಯಮ್ಮ ಸೆರಗಿನ ಮರೆಯಿಂದ ಮೆಲ್ಲನೆ ಹೂಂ ಎಂದಳು. ಅತ್ತೆ ತಲೆಯಾಡಿಸಿ, ಬಲಭುಜವನ್ನು ಮುಂದೆ ಮಾಡಿ, ಆ ಓಣಿಯ ಗಾಳಿಯನ್ನು ಓರೆಯಾಗಿ ಸೀಳಿಕೊಂಡು ಹೊರಟುಹೋದಳು.